ಅಡ್ಡ ಕುಯ್ದ ಮೊಗ್ಗು

ಶೆಟ್ಟಿಹಳ್ಳಿಯಲ್ಲಿ ಬೆಳಿಗ್ಗೆ ವಾಕಿಂಗ್ ಹೋಗುವವರು ಆರೋಗ್ಯಕ್ಕೆ ನಡೆಯುತ್ತಾರೋ ಹೂವಿಗೆ ನಡೆಯುತ್ತಾರೋ ನನಗೆ ಇಂದಿಗೂ ಗೊತ್ತಿಲ್ಲ. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಕಣ್ಣು ಕಂಡವರ ಕಾಂಪೌಂಡಿನ ಮೇಲೆ. ಅದಕ್ಕೇ ನಮ್ಮತ್ತೆ ಹಿಂದಿನ ಸಂಜೆಯೇ ದಾಸವಾಳದ ಮೊಗ್ಗುಗಳನ್ನೆಲ್ಲ ಕಿತ್ತು, ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಮಾವನವರು ಪೂಜೆಗೆ ಕೂರುವ ಹೊತ್ತಿಗೆ ಅವು ಡಬ್ಬಿಯಲ್ಲೇ ಅರಳಿರುತ್ತಿದ್ದವು.

ನಾನು ಆಗ ಗುಬ್ಬಿಯ ಒಂದು ಪಿಯು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಹೇಳಿಕೊಡುತ್ತಿದ್ದೆ. ಕುಣಿಗಲ್ಲಿನ ತವರು ಬಿಟ್ಟು ಈ ಮನೆಗೆ ಸೊಸೆಯಾಗಿ ಬಂದ ಮೇಲೆ ನನ್ನದು ಅಂತ ಉಳಿದಿದ್ದು ಆ ಕೆಲಸ ಒಂದೇ. ಅದನ್ನು ಬಿಡು ಎಂದು ಯಾರೂ ಜೋರು ಮಾಡುತ್ತಿರಲಿಲ್ಲ. "ಬಸ್ಸಲ್ಲಿ ಓಡಾಡಿ ಎಷ್ಟು ಸೊರಗೋಗಿದೀಯ ನೋಡಮ್ಮ" ಎಂದು ಮಾವ, "ನಿಂಗ್ಯಾಕೆ ಈ ಒದ್ದಾಟ" ಎಂದು ಗಂಡ. ದಿನಾ ಇದೇ ಮಾತು.

ಆ ವಾರದ ಪಾಠ, ಮೊಗ್ಗಿನೊಳಗೆ ಎಸಳುಗಳು ಹೇಗೆ ಜೋಡಿಸಿಕೊಂಡಿರುತ್ತವೆ ಎನ್ನುವುದು. ಇದಕ್ಕೆ ಅರಳಿದ ಹೂವು ಆಗುವುದಿಲ್ಲ, ಮೊಗ್ಗನ್ನೇ ಬ್ಲೇಡಿನಿಂದ ಅಡ್ಡ ಕುಯ್ದು ನೋಡಬೇಕು. ಗಿಡದಲ್ಲಿ ಒಂದೂ ಉಳಿದಿರಲಿಲ್ಲ. ಬೆಳಗಾದರೆ ಅರಳಿಬಿಡುತ್ತವೆ, ಸಂಜೆಯೇ ಕುಯ್ದು ಚೂರುಗಳನ್ನು ಒದ್ದೆ ಹತ್ತಿಯಲ್ಲಿಟ್ಟು ಒಯ್ಯೋಣ ಎಂದು ಅತ್ತೆಯ ಡಬ್ಬಿಗೆ ಕೈ ಹಾಕಿದೆ.

ಅಡುಗೆಮನೆ ಕಟ್ಟೆಯ ಮೇಲೆ ಮೊದಲನೆಯದನ್ನು ಕುಯ್ದೆ. ಹೊರಗಿನ ಹಸಿರು ಎಸಳುಗಳು ಬರೀ ಅಂಚಿಗೆ ಅಂಚು ತಾಗಿಸಿಕೊಂಡು ನಿಂತಿದ್ದವು. ಒಳಗಿನ ಐದು ಕೆಂಪು ಎಸಳುಗಳು ಮಾತ್ರ ಸುರುಳಿ ಸುತ್ತಿದ್ದವು. ಪ್ರತಿಯೊಂದರ ಒಂದು ಅಂಚು ಆಚೆಯದರ ಮೇಲೆ, ಇನ್ನೊಂದು ಅಂಚು ಈಚೆಯದರ ಅಡಿ. ಯಾವುದೂ ಪೂರ್ತಿ ಹೊರಗಿಲ್ಲ, ಯಾವುದೂ ಪೂರ್ತಿ ಒಳಗಿಲ್ಲ. ನೋಡಿ ಹೊಟ್ಟೆಕಿಚ್ಚಾಯಿತು. ಅವರೆ ಹೂವು ಹೀಗಲ್ಲ. ಅದರ ಮೊಗ್ಗಿನಲ್ಲಿ ಒಂದು ದೊಡ್ಡ ಎಸಳು ಎಲ್ಲವನ್ನೂ ಮುಚ್ಚಿಕೊಂಡಿರುತ್ತದೆ. ಅದರಡಿ ಎರಡು, ಅವುಗಳಡಿ ಇನ್ನೆರಡು ಪುಟ್ಟವು. ನಮ್ಮ ಮನೆಯಲ್ಲಿ ನಾನು ಯಾವ ಎಸಳು ಎಂದು ಬಿಡಿಸಿ ಹೇಳಬೇಕಿಲ್ಲ.

ತಿರುಗಿ ನೋಡಿದರೆ ಅತ್ತೆ ನಿಂತಿದ್ದರು. ದೇವರಿಗೆ ಎತ್ತಿಟ್ಟಿದ್ದನ್ನು ಕುಯ್ದು ಹಾಕಿದ್ದೇನೆ, ಇವತ್ತು ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡೆ. ನಿಜ ಹೇಳಬೇಕೆಂದರೆ ನಾನೂ ಜಗಳಕ್ಕೆ ಕಾಯುತ್ತಿದ್ದೆ.

ಅತ್ತೆ ಡಬ್ಬಿಯನ್ನೇ ನನ್ನ ಮುಂದಕ್ಕೆ ತಳ್ಳಿದರು. "ಎಲ್ಲಾನೂ ತಗೋ ಕಣಮ್ಮ. ಶಿವಂಗೆ ನಾಳೆ ಬಿಲ್ವಪತ್ರೆ ಏರಿಸಿದ್ರಾಯ್ತು" ಎಂದರು. ನನಗೆ ಕಣ್ಣು ತುಂಬಿ ಬಂತು. ಇವರೊಬ್ಬರಾದರೂ ನನ್ನ ಕಡೆ ಇದ್ದಾರಲ್ಲ ಅನ್ನಿಸಿತು.

ಅವರು ನನ್ನ ತಲೆ ಸವರಿದರು. "ಚೆನ್ನಾಗಿ ಹೇಳ್ಕೊಟ್ಟು ಬಾ. ಇದೊಂದು ವರ್ಷ ತಾನೆ. ಬರೋ ವರ್ಷದಿಂದ ನಮ್ಮ ಸೊಸೆ ಬರಲ್ಲ ಅಂತ ನಿಮ್ಮಾವ ಮಧ್ಯಾಹ್ನನೇ ಕಾಲೇಜಿಗೆ ಫೋನ್ ಮಾಡಿ ಹೇಳವ್ರೆ."

ಅಕ್ಕರೆಯಿಂದಲೇ ಹೇಳಿದ್ದರು. ಜೋರು ಮಾಡಿದ್ದರೆ ತಿರುಗಿ ಬೀಳುತ್ತಿದ್ದೆ. "ಆಯ್ತು ಅತ್ತೆ" ಎಂದೆ.