ಹನ್ನೊಂದು ಪದಗಳ ಹೆಸರು

೨೦೦೩ರಲ್ಲಿ, ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟೆ. ಮರುವಾರವೇ ವಿಜಯಪುರದ ಸ್ಟೇಷನ್ ರಸ್ತೆಯ ಟೈಪಿಂಗ್ ಅಂಗಡಿ ಸೇರಿದೆ. ಕಂಪ್ಯೂಟರನ್ನು ನನಗೆ ಯಾರೂ ಕಲಿಸಲಿಲ್ಲ. ನೋಡಿ, ಕೆಡಿಸಿ, ಸರಿಮಾಡಿ ಕಲಿತೆ. ಆ ಅಂಗಡಿ ಈಗ ನನ್ನದೇ.

ಆರು ವರ್ಷದ ಹಿಂದೆ ಒಣದ್ರಾಕ್ಷಿ ಶೆಡ್ಡಿನವರಿಗಾಗಿ ಒಂದು ಸಾಫ್ಟ್‌ವೇರ್ ಬರೆದೆ. ಯಾವ ರೈತನ ಮಾಲು ಯಾವತ್ತು ಬಂತು, ಯಾವಾಗ ಒಣಗಿತು, ಎಲ್ಲ ಕನ್ನಡದಲ್ಲಿ. ಯಾರು ಬೇಕಾದರೂ ಪುಕ್ಕಟೆ ಬಳಸಲಿ, ತಿದ್ದಲಿ ಎಂದು ಇಂಟರ್ನೆಟ್ಟಿಗೆ ಹಾಕಿದೆ. ಅದರ ಹೆಸರಿನಲ್ಲಿ ಅಪ್ಪ, ನಾನು, ನಮ್ಮೂರು ಜೈನಾಪುರ ಎಲ್ಲ ಇದ್ದೆವು. ಒಟ್ಟು ಹನ್ನೊಂದು ಪದ. ಮದುವೆ ಕಾರ್ಡಿನಷ್ಟು ಗಂಭೀರ.

ಅದೇ ಕೆಲಸದ ಇನ್ನೊಂದನ್ನು ತಿಕೋಟಾದ ನನ್ನ ಶಾಲೆಯ ಗೆಳೆಯ ಬರೆದ. ಇಂಜಿನಿಯರಿಂಗ್ ಓದಿ ಕಾಲೇಜಿನಲ್ಲಿ ಕಲಿಸುವವನು. ಹೆಸರು ‘ಶೇಂಗಾ ಹಿಂಡಿ’, ಅಂದರೆ ನಮ್ಮ ಕಡೆಯ ಶೇಂಗಾ ಚಟ್ನಿಪುಡಿ. ಪುಕ್ಕಟೆ ಸಾಫ್ಟ್‌ವೇರ್ ಬರೆಯುವವರಲ್ಲಿ ಹೀಗೆ ಪ್ರಾಣಿ, ತಿಂಡಿ, ತೋಚಿದ ಹೆಸರಿಡುವ ರೂಢಿ ಇದೆಯೆಂದು ನನಗೂ ಗೊತ್ತಿತ್ತು, ಹುಡುಗಾಟಿಕೆ ಎಂದುಕೊಂಡಿದ್ದೆ. ಅವನು ಪ್ರತಿ ಹೊಸ ಆವೃತ್ತಿಗೂ ರೊಟ್ಟಿಗೆ ಹಚ್ಚಿಕೊಳ್ಳುವ ಒಂದೊಂದರ ಹೆಸರಿಟ್ಟ: ಗುರೆಳ್ಳು, ಅಗಸಿ, ಕರಿಂಡಿ.

ಬಬಲೇಶ್ವರದ ಶೆಡ್ಡಿನ ಮಾಲೀಕರೊಬ್ಬರು ನನ್ನ ಅಂಗಡಿಗೇ ಬಂದು, “ಅಣ್ಣಾರ, ಹೊಸಾ ಕರಿಂಡಿ ಬಂದೈತಂತಲ್ರಿ, ಹಾಕಿ ಕೊಡ್ರಿ,” ಎಂದರು.

“ನಂದೂ ಒಂದೈತ್ರಿ. ಅದಕ್ಕಿಂತ ಚಲೋ ಐತಿ.”

“ಏನ್ರಿ ಅದರ ಹೆಸರು?”

ಹೇಳತೊಡಗಿದೆ. ಅರ್ಧಕ್ಕೇ ನಕ್ಕರು. “ಯಪ್ಪಾ, ಅಷ್ಟು ಹೇಳೂದ್ರಾಗ ದ್ರಾಕ್ಷಿ ಒಣಗ್ತಾವ್ರಿ!”

ಕರಿಂಡಿಯನ್ನೇ ಹಾಕಿಕೊಟ್ಟೆ. ಹೊಟ್ಟೆ ಉರಿಯಿತು.

ಹೋದ ವರ್ಷ ಗೆಳೆಯನೇ ಅಂಗಡಿಗೆ ಬಂದ. “ದೋಸ್ತ, ಕರೆಂಟ್ ಹೋದ್ರೂ ನಿನ್ನದರಾಗ ಬರದದ್ದು ಅಳಸೂದಿಲ್ಲ. ನನ್ನದರಾಗ ಅಳಸಿ ಹೊಕ್ಕೈತಿ. ಎರಡೂ ಕೂಡ್ಸೂಣು.”

“ಹೆಸರು?”

“ಹಿಂಡಿ ಅಂತನ ಇರ್ಲಿ. ಮಂದಿ ಬಾಯಾಗ ಕುಂತೈತಿ.”

“ಆಗೂದಿಲ್ಲ. ಸಾಲಿ ಕಲ್ತವ್ರು ನೀವು, ನೀವ ಬರ್ಕೋರಿ.”

ಅವನು ಬೇಸರಪಡಲಿಲ್ಲ. “ನೀನ ಪುಕ್ಕಟೆ ಇಟ್ಟೀಯಲ್ಲಲೇ. ತಗೊಳ್ಳಾಕ ಕೇಳೂದ ಬ್ಯಾಡಾಗಿತ್ತು. ಆದ್ರೂ ಕೇಳಾಕ ಬಂದೀನಿ.”

ಎರಡು ತಿಂಗಳಿಗೆ ಅವನ ಹೊಸ ಆವೃತ್ತಿ ಬಂತು. ಒಳಗೆ ನಾನು ಬರೆದದ್ದು ಸಾಲಿಗೆ ಸಾಲು ಇತ್ತು. ಮೇಲೆ ನನ್ನ ಪೂರ್ತಿ ಹೆಸರು, ಕೃತಜ್ಞತೆ. ಆ ಆವೃತ್ತಿಗೆ ಅವನಿಟ್ಟ ಹೆಸರು ‘ಪುಂಡಿಪಲ್ಯ’. ಶಾಲೆಯಲ್ಲಿ ನನ್ನ ಡಬ್ಬಿಯಿಂದ ಅವನು ಕಸಿದು ತಿನ್ನುತ್ತಿದ್ದದ್ದು, ನಮ್ಮವ್ವ ಮಾಡಿದ್ದು. ತಕರಾರು ತೆಗೆಯಲು ಏನೂ ಉಳಿಯಲಿಲ್ಲ. ಅದೇ ಇನ್ನೂ ಉರಿಯುತ್ತದೆ: ಆ ಹೆಸರು ನನಗೆ ಹೊಳೆಯಬೇಕಿತ್ತು.

ಈಗ ನನ್ನಲ್ಲಿರುವುದು ಅಂಗಡಿ ಒಂದು, ಕಂಪ್ಯೂಟರ್ ನಾಲ್ಕು, ಪ್ರಿಂಟರ್ ಎರಡು. ನಾನಿಟ್ಟ ಹೆಸರಿನ ಸಾಫ್ಟ್‌ವೇರ್ ಬಳಸುವ ಶೆಡ್ಡು ಮೂರು.