ಅವ್ವನ ಸಕ್ಕರೆ ಮಷಿನ್ನು

ಬೆರಳು ಚುಚ್ಚಿ ರಕ್ತದ ಸಕ್ಕರೆ ನೋಡಿಕೊಳ್ಳುವ ಆ ಪುಟ್ಟ ಮಷಿನ್ನಿನ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ. ಕಳ್ಳಕವಟಗಿಯಲ್ಲಿ ಅಣ್ಣನ ಮನೆಯಲ್ಲಿರುವ ಅವ್ವನಿಗೆಂದು ನಾನೇ ವಿಜಯಪುರದಲ್ಲಿ ಕೊಂಡು ಕೊಟ್ಟಿದ್ದೆ. ಅದು ದಿನಾ ಹೆಚ್ಚು ತೋರಿಸಿತು, ಡಾಕ್ಟರು ಗುಳಿಗೆ ಹೆಚ್ಚಿಸಿದರು, ಒಂದು ದಿನ ಅವ್ವ ಬೆವರಿ ನೆಲಕ್ಕೆ ಬಿದ್ದಳು. ಆಸ್ಪತ್ರೆಯಲ್ಲಿ ನೋಡಿದರೆ ಸಕ್ಕರೆ ತೀರಾ ಇಳಿದುಹೋಗಿತ್ತು. ಇನ್ನು ಸ್ವಲ್ಪ ತಡವಾಗಿದ್ದರೆ ಅವ್ವ ನಮಗೆ ದಕ್ಕುತ್ತಿರಲಿಲ್ಲ. ಆಕೆ ಚೇತರಿಸಿಕೊಂಡ ಮೇಲೆ, ಕಂಪನಿಯವರನ್ನು ಸುಮ್ಮನೆ ಬಿಡಬಾರದೆಂದು ಗ್ರಾಹಕರ ಆಯೋಗಕ್ಕೆ ಆಕೆಯ ಹೆಸರಿನಲ್ಲಿ ದೂರು ಕೊಡಿಸಿದೆ.

ವಿಚಾರಣೆಯ ಹಿಂದಿನ ದಿನ ಆಕೆಯನ್ನು ವಿಜಯಪುರದ ಜಲನಗರದ ನಮ್ಮ ಮನೆಗೆ ಕರೆತರಲು ಊರಿಗೆ ಹೋದೆ. ಅವ್ವ ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕುಳಿತು ಒಣದ್ರಾಕ್ಷಿಯ ಕಡ್ಡಿ ಬಿಡಿಸುತ್ತಿದ್ದಳು. ಊಟವಾಗಿ ಎರಡು ತಾಸಿಗೆ ಸಕ್ಕರೆ ನೋಡಿಕೊಳ್ಳಬೇಕೆಂಬ ಡಾಕ್ಟರ ಮಾತು ಆಕೆಗೆ ವೇದವಾಕ್ಯ. ದ್ರಾಕ್ಷಿಯ ಕಾಲದಲ್ಲಿ ಆ ಹೊತ್ತಿಗೆ ಆಕೆ ಇರುವುದೇ ಶೆಡ್ಡಿನಲ್ಲಿ.

"ಹೆಂಗ ನೋಡ್ಕೋತಿ, ತೋರ್ಸು ಬೇ ಯವ್ವಾ. ನಾಳೆ ಅಲ್ಲಿ ಕೇಳ್ತಾರ," ಎಂದೆ.

ಸೆರಗಿಗೆ ಕೈ ಒರೆಸಿಕೊಂಡು ಬೆರಳು ಚುಚ್ಚಿದಳು. ಮಷಿನ್ನು ಎಂದಿನಂತೆ ಹೆಚ್ಚು ತೋರಿಸಿತು. ಆಕೆಯ ಬೆರಳು ಹಿಡಿದ ನನ್ನ ಕೈಯೂ ಅಂಟಂಟಾಯಿತು. ದ್ರಾಕ್ಷಿಯ ಸಿಹಿ. ಸೋಪು ಹಚ್ಚಿ ಕೈ ತೊಳೆಸಿ ಮತ್ತೆ ಚುಚ್ಚಿದೆ. ಸಕ್ಕರೆ ಸರಿಯಾಗಿಯೇ ಇತ್ತು. ಮೊದಲು ಕೈ ತೊಳೆಯಬೇಕೆಂದು ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿತ್ತು, ಹಿಂದಿಯಲ್ಲಿತ್ತು. ಅವ್ವನಿಗೆ ಓದಲು ಬರುವುದು ಕನ್ನಡವೊಂದೇ.

ನಮ್ಮ ವಕೀಲರಿಗೆ ಫೋನು ಮಾಡಿ ನಡೆದದ್ದು ಹೇಳಿದೆ. "ಅವ್ರು ಕೇಳಿದ್ರ ನೋಡೂಣ್ರಿ. ನೀವಾಗಿ ಯಾಕ ಬಾಯಿ ಬಿಡ್ತೀರಿ?" ಎಂದರು. ನನಗೆ ಆ ಮಾತು ಹಿತವಾಗಿಯೇ ಕೇಳಿಸಿತು. ಸಿಟ್ಟು ಇನ್ನೂ ಇಳಿದಿರಲಿಲ್ಲ. ಅವ್ವ ಮಾತ್ರ ದಾರಿಯುದ್ದಕ್ಕೂ ಆ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಮರುದಿನ ಆಯೋಗದಲ್ಲಿ ಯಾರೂ ಕೇಳುವ ಮೊದಲೇ ಎದ್ದು ನಿಂತಳು.

"ಮಷಿನ್ನಿಂದೇನ ತಪ್ಪಿಲ್ರಿ. ದ್ರಾಕ್ಷಿ ಹತ್ತಿದ ಕೈಲೇ ಚುಚ್ಕೋತಿದ್ನಿರಿ. ನನಗ ಗೊತ್ತಿರಲಿಲ್ಲ."

ನಮ್ಮ ವಕೀಲರು ಹಣೆ ಒತ್ತಿಕೊಂಡರು. ಕಂಪನಿ ಕಡೆಯ ವಕೀಲರ ಮುಖ ಅರಳಿತು. ನನಗೆ ನಾಚಿಕೆಯೂ ಆಯಿತು, ಏನೋ ಹಗುರವೂ ಆಯಿತು.

"ಹಂಗಾದ್ರ ದೂರು ವಾಪಸ್ ತಗೋತೀರೇನಮ್ಮಾ?" ಎಂದು ಅಧ್ಯಕ್ಷರು ಕೇಳಿದರು.

"ತಗೋತೇನ್ರಿ," ಎಂದವಳು ಕಂಪನಿಯ ವಕೀಲರ ಕಡೆ ತಿರುಗಿದಳು. "ಆದ್ರ ಆ ಡಬ್ಬಿ ಮ್ಯಾಲ ಕನ್ನಡದಾಗ ದಪ್ಪ ಅಕ್ಷರದಾಗ ಬರಸ್ರಿ, ಮೊದಲ ಕೈ ತೊಳ್ಕೋರಿ ಅಂತ. ನಾ ಬಿದ್ದಾಗ ಮಗ್ಗಲದಾಗ ಸೊಸಿ ಇದ್ಲು, ಎತ್ಕೊಂಡ್ಲು. ಒಬ್ಬಾಕೀನ ಇರಾಕಿ ಬಿದ್ರ, ಆಕೀನ್ನ ಎಬ್ಬಸಾವ್ರ ಯಾರ್ರಿ?"