ಮಾದೇವಮ್ಮನ ಅಂಗೈ

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯೊಂದಕ್ಕೆ ತೂಕದ ಪ್ರೋಗ್ರಾಂ ಬರೆದುಕೊಟ್ಟವನು ನಾನೇ. ಈಚೆಗೆ ಚಾಮರಾಜನಗರದಲ್ಲಿ ಕೂತೇ, ಮಿಷನ್ನಿನಿಂದ ತೂಕ ಓದುವ ಭಾಗವನ್ನಷ್ಟೇ ಅಪ್‌ಡೇಟ್ ಮಾಡಿದೆ. ಮಂಡಿಯ ಹಳೇ ಪ್ರೋಗ್ರಾಂಗೆ ಅದು ಒಗ್ಗುತ್ತದೋ ಅಂತ ನೋಡುವ ಗೋಜಿಗೆ ಹೋಗಲಿಲ್ಲ.

ವಾರದ ಮೇಲೆ ಬೇರೆ ಕೆಲಸಕ್ಕೆ ಅಲ್ಲಿಗೆ ಹೋದರೆ, ಕಂಪ್ಯೂಟರ್ ನೋಡಿಕೊಳ್ಳುವ ಮಾದೇವಮ್ಮ ಪರದೆಗೆ ತೂಕ ಬಾರದೆ, ಪ್ರತಿ ಮೂಟೆಗೂ ತೂಕದ ಮಿಷನ್ನಿನ ತನಕ ಎದ್ದು ಹೋಗಿ, ತೂಕವನ್ನು ಅಂಗೈಯಲ್ಲಿ ಬರೆದುಕೊಂಡು ಬಂದು ಟೈಪ್ ಮಾಡುತ್ತಿದ್ದರು.

"ನಾನೇ ಏನೋ ಒತ್ತಿ ಕೆಡಿಸ್ಬುಟ್ಟೆ ಅಂತ ಕಾಣ್ತದೆ ಸಾ. ಯಜಮಾನ್ರಿಗೆ ಯೋಳ್ಬೇಡಿ."

ಹಳೇ ಭಾಗವನ್ನೇ ವಾಪಸ್ ಹಾಕಿದೆ. ಪರದೆಯ ಮೇಲೆ ತೂಕ ತಾನಾಗೇ ಮೂಡಿತು. ತಪ್ಪು ನನ್ನದು ಅನ್ನಲು ಬಾಯಿ ತೆರೆದೆ. "ಪರವಾಗಿಲ್ಲಮ್ಮ, ಇನ್ಮೇಲೆ ಹುಷಾರಾಗಿರಿ" ಅಂದೆ.

ಆ ಇಂಕಿನ ಕೈಯಲ್ಲೇ ಅವರು ಟೀ ತಂದುಕೊಟ್ಟರು. ಸಕ್ಕರೆ ಕಮ್ಮಿಯಿತ್ತು. ಹೇಳಲಿಲ್ಲ; ನನಗೂ ಒಂದಿಷ್ಟು ನಾಚಿಕೆ ಇದೆ ನೋಡಿ.